ಅರವತ್ತೊಂದನೆಯ ಪುಟದಲ್ಲಿಲ್ಲದ ಓಬಳಪ್ಪ

"ಪುಸ್ತಕಾನ ಹಿಂದಿನಿಂದ ಓದೋರ್ನ ನಾನು ಇವತ್ತೇ ನೋಡ್ತಿರೋದು ಮೇಡಂ," ಎಂದ ಸಿದ್ದಲಿಂಗೇಶ್.

ಪ್ರಜ್ಞಾ ತಲೆ ಎತ್ತಲಿಲ್ಲ. ತರೀಕೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿದ್ದ ಅವನ ಪ್ರೆಸ್ಸಿನಲ್ಲಿ, ಕಂಪ್ಯೂಟರಿನ ಪಕ್ಕದ ಸ್ಟೂಲಿನ ಮೇಲೆ ಕೂತು, ಇನ್ನೂ ಹೊಲಿಗೆ ಕಾಣದ ಪುಸ್ತಕವೊಂದರ ಕಡೆಯ ಹಾಳೆಗಳ ಮೇಲೆ ಬೆರಳಾಡಿಸುತ್ತಿದ್ದಳು. 'ಹೆಸರುಗಳ ಸೂಚಿ' ಎಂದು ಮೇಲೆ ದಪ್ಪಕ್ಷರ. ಅದರ ಕೆಳಗೆ ಸತ್ತವರು, ಬದುಕಿರುವವರು, ದೇಣಿಗೆ ಕೊಟ್ಟವರು, ಕೊಡುತ್ತೇನೆಂದು ವೇದಿಕೆಯಲ್ಲಿ ಹೇಳಿ ಕೆಳಗಿಳಿದ ಮೇಲೆ ಮರೆತವರು, ಎಲ್ಲರೂ ತಂತಮ್ಮ ಪುಟದ ನಂಬರು ಹಿಡಿದು ಅಕಾರಾದಿಯಾಗಿ ನಿಂತಿದ್ದರು.

"ಹಿಂದಿನಿಂದ ನೋಡಿದ್ರೇನೇ ನಿಜ ಸಿಗೋದು ಸಿದ್ದಲಿಂಗೇಶಣ್ಣ. ಗಂಡಿನ ಮನೆ ವಿಚಾರಿಸೋಕೆ ಹೋದ್ರೂ ನಾನು ಹಿತ್ತಿಲ ಕಡೆಯಿಂದಲೇ ಶುರು ಮಾಡೋದು."

ಅದು ಅವಳ ಕಸುಬು. ಕಡೂರಿನಲ್ಲಿ ಪತ್ತೇದಾರಿ ಕಚೇರಿ ಎಂದು ಬೋರ್ಡು ತೂಗುಹಾಕಿದ ಹೆಂಗಸಿಗೆ ಊರು ಕೊಡುವ ಕೆಲಸವೆಂದರೆ ಇಷ್ಟೇ: ಹುಡುಗ ಕುಡಿಯುತ್ತಾನೋ, ಹುಡುಗಿಗೆ ಮೊದಲೇ ಯಾರಾದರೂ ಇದ್ದರೋ. ಆದರೆ ಈ ವಾರ ಅಜ್ಜಂಪುರದಿಂದ ದ್ಯಾವಮ್ಮ ಎಂಬ ಮುದುಕಿ ಬಂದು, ಕುರ್ಚಿಯಲ್ಲಿ ನೇರವಾಗಿ ಕೂತು, "ನನ್ನ ಗಂಡನ್ನ ಪುಸ್ತಕದಿಂದ ಯಾರೋ ಕದ್ದವ್ರೆ, ಹುಡುಕ್ಕೊಡವ್ವ" ಎಂದಿದ್ದಳು.

ಪುಸ್ತಕ ಅಜ್ಜಂಪುರದ ಹೈಸ್ಕೂಲೊಂದರ ಅಮೃತ ಮಹೋತ್ಸವದ ನೆನಪಿನ ಸಂಪುಟ. ಗಂಡ ಓಬಳಪ್ಪ, ಆ ಶಾಲೆಯಲ್ಲಿ ಗಂಟೆ ಹೊಡೆಯುತ್ತಿದ್ದ ಅಟೆಂಡರ್. ದೂರದ ಕೇರಿಗಳಿಂದ ಓದಲು ಬಂದು ಉಳಿಯಲು ಜಾಗವಿಲ್ಲದೆ ವಾಪಸು ಹೋಗುತ್ತಿದ್ದ ಹುಡುಗರನ್ನು ತನ್ನ ಕೊಟ್ಟಿಗೆಗೆ ಕರೆತಂದು ಮಲಗಿಸಿದವನು. ಸುಗ್ಗಿ ಮುಗಿದ ಕೂಡಲೆ ಚೀಲ ಹೆಗಲಿಗೆ ಹಾಕಿಕೊಂಡು ಮನೆಮನೆ ತಿರುಗಿ ರಾಗಿ ಎತ್ತಿ, ಆ ಹುಡುಗರಿಗೆ ವರ್ಷವಿಡೀ ಮುದ್ದೆ ಹಾಕಿದವನು. ಜನ ಅದನ್ನು ರಾಗಿ ಹಾಸ್ಟೆಲ್ಲು ಎಂದು ಕರೆಯುತ್ತಿದ್ದರು. ಪ್ರಜ್ಞಾಳ ಅಪ್ಪ ಅಕ್ಷರ ಕಲಿತದ್ದು ಆ ಮುದ್ದೆ ತಿಂದು.

ಇಪ್ಪತ್ತು ವರ್ಷದ ಹಿಂದೆ ಓಬಳಪ್ಪ ಕಡೂರಿಗೆ ಹೋಗಿ ಬತ್ತೀನಿ ಎಂದು ಹೊರಟವನು ಬರಲಿಲ್ಲ. ರೈಲು ಹಳಿಯ ಪಕ್ಕ ಅವನ ಟವೆಲ್ಲು, ಚಪ್ಪಲಿ ಸಿಕ್ಕವು. ಪೊಲೀಸರು ಫೈಲು ಮುಚ್ಚಿದರು, ನೆಂಟರು ದ್ಯಾವಮ್ಮನ ಬಳೆ ಒಡೆಸಿದರು.

"ಹೆಣ ಸಿಗ್ಲಿಲ್ಲ, ಮಣ್ಣು ಮಾಡಿದ ಗುಡ್ಡೆ ಇಲ್ಲ. ಹಿರೇರ ಹಬ್ಬಕ್ಕೆ ಎಡೆ ಇಡಾಣ ಅಂದ್ರೆ ಎಲ್ಲಿಗೆ ಅಂತ ಹೋಗಾದು. ಪುಸ್ತಕದಾಗಾದ್ರೂ ಒಂದು ಜಾಗ ಆಯ್ತಲ್ಲ ಅಂದ್ಕಂಡಿದ್ದೆ ಕಣವ್ವ," ಎಂದಿದ್ದಳು.

ಸಂಪುಟದ ಸಂಪಾದಕರು, ನಿವೃತ್ತ ಲೆಕ್ಚರರ್ ಯೋಗಾನಂದ, ಅಧ್ಯಾಯ ಬರೆದ ಹೊಸದರಲ್ಲಿ ಅವಳ ಮನೆಗೇ ಬಂದು ಓದಿ ಹೇಳಿದ್ದರು. ಗಂಡನ ಹೆಸರು ಬಂದಾಗಲೆಲ್ಲ ಅವಳು ಸೆರಗು ಸರಿಮಾಡಿಕೊಂಡು ಕೇಳಿದ್ದಳು. ಆಮೇಲೆ ಅಚ್ಚಿಗೆ ಸಿದ್ಧವಾದ ಪುಟಗಳನ್ನು ಶಾಲೆಯ ಲೈಬ್ರರಿಯಲ್ಲಿ ಇಟ್ಟರು. ಪಕ್ಕದ ಮನೆಯ ಭೂಮಿಕಾ ಅವಳನ್ನು ಕರೆದುಕೊಂಡು ಹೋಗಿ ಅದೇ ಅಧ್ಯಾಯ ಓದಿದಳು. ಕತೆ ಅದೇ, ಚೀಲ ಅದೇ, ಕೊಟ್ಟಿಗೆ ಅದೇ. ಗಂಡ ಮಾತ್ರ ಬೇರೆ.

ಪ್ರಜ್ಞಾ ಸೂಚಿಯ ಒಂದು ಸಾಲಿನ ಮೇಲೆ ಬೆರಳಿಟ್ಟಳು. "ಇದನ್ನ ಓದಿ."

"ಓಬಳಪ್ಪ, ಅರವತ್ತೊಂದು, ಅರವತ್ತೆರಡು, ಅರವತ್ಮೂರು, ಅರವತ್ತೈದು, ಅರವತ್ತಾರು." ಸಿದ್ದಲಿಂಗೇಶ್ ಓದಿದ.

"ಈಗ ಅರವತ್ತೊಂದನೇ ಪುಟ ತೆಗೀರಿ. ಓಬಳಪ್ಪ ಎಲ್ಲಿದ್ದಾರೆ ತೋರ್ಸಿ."

ಅವನು ತೆಗೆದ. 'ಪರಮೇಶ್ವರಯ್ಯನವರು ಚೀಲವನ್ನು ಹೆಗಲಿಗೇರಿಸಿ ಮೊದಲ ಬಾರಿ ರಾಗಿ ಎತ್ತಲು ಹೊರಟದ್ದು' ಎಂದು ಶುರುವಾಗಿ, ಮುಂದಿನ ಪುಟದಲ್ಲಿ ಪರಮೇಶ್ವರಯ್ಯನವರು ಕೊಟ್ಟಿಗೆಯ ಸಗಣಿ ಬಾಚಿ, ಅದರ ಮುಂದಿನದರಲ್ಲಿ ಪರಮೇಶ್ವರಯ್ಯನವರು ಹುಡುಗರ ತಲೆಯ ಹೇನು ಹೆಕ್ಕುತ್ತಿದ್ದರು. ಪರಮೇಶ್ವರಯ್ಯ ಯಾರೆಂದು ಈ ಸೀಮೆಯಲ್ಲಿ ಹೇಳಬೇಕಿಲ್ಲ. ಕೊಬ್ಬರಿ ವ್ಯಾಪಾರದಲ್ಲಿ ಮೂರು ಪೇಟೆ ಆಳಿದವರು, ತಮ್ಮ ಕೊಡೆಯನ್ನೂ ತಾವೇ ಹಿಡಿದವರಲ್ಲ. ಅವರ ಮಗ ಮಲ್ಲಿಕಾರ್ಜುನಯ್ಯ ಈ ಮಹೋತ್ಸವ ಸಮಿತಿಯ ಅಧ್ಯಕ್ಷರು.

"ಪರಮೇಶ್ವರಯ್ಯನವರು ಸೂಚೀಲಿ ಎಲ್ಲಿದ್ದಾರೆ?"

"ಒಂಬತ್ತು." ಸಿದ್ದಲಿಂಗೇಶನ ಧ್ವನಿ ಇಳಿದಿತ್ತು. "ಒಂಬತ್ತನೇ ಪುಟ ಒಂದೇ. ಅಡಿಗಲ್ಲು ಹಾಕಿದ ದಿವಸ ಹಾರ ಹಾಕ್ಸಿಕೊಂಡಿದ್ದು."

"ಹೇನು ಹೆಕ್ಕಿದ್ದು ಸೂಚಿಗೆ ಗೊತ್ತೇ ಇಲ್ಲ."

"ಸೂಚಿ ನಾನು ಮಾಡಿದ್ದಲ್ಲ ಮೇಡಂ, ಪ್ರೋಗ್ರಾಮು ಮಾಡಿದ್ದು," ಎಂದು ಅವನು ಮೊದಲು ತನ್ನ ಚರ್ಮ ಉಳಿಸಿಕೊಂಡ. ಆಮೇಲೆ, ಕಲಿತ ವಿದ್ಯೆ ತೋರಿಸುವ ಹುಮ್ಮಸ್ಸು ಭಯವನ್ನು ಗೆದ್ದಿತು. "ಮೊದಲೆಲ್ಲ ಇಬ್ರು ಕೂತು ಪುಟ ಪುಟ ಓದಿ ಚೀಟಿ ಬರೀಬೇಕಿತ್ತು. ಈಗ ಹೆಸರುಗಳನ್ನ ಒಂದು ಸಲ ಕೊಟ್ಬಿಟ್ರೆ ಸಾಕು. ಮೊದಲ್ನೇ ಪ್ರೂಫ್ ತೆಗೆಯೋ ಮುಂಚೇನೇ ಅದು ಇಡೀ ಪುಸ್ತಕ ಒಂದು ಸುತ್ತು ಹಾಕ್ತದೆ. ಹೆಸರು ಕಂಡಲ್ಲೆಲ್ಲ ಪಕ್ಕಕ್ಕೆ ಒಂದು ಗುರುತು ಚುಚ್ತದೆ. ಅದು ಪ್ರಿಂಟಲ್ಲಿ ಬರಲ್ಲ, ಕಣ್ಣಿಗೆ ಕಾಣಲ್ಲ. ಯಾರ ಹೆಸರು ಅನ್ನೋದು ಗುರುತಿನ ಒಳಗೇ ಇರ್ತದೆ. ಕೊನೇಲಿ ಗುರುತನ್ನೆಲ್ಲ ಆರಿಸ್ಕೊಂಡು, ಯಾರು ಯಾವ ಪುಟದಲ್ಲಿ ಅಂತ ತಾನೇ ಬರೀತದೆ."

"ಹೆಸರು ತೆಗೆದ್ರೆ ಗುರುತೂ ಹೋಗಲ್ವಾ?"

"ಗುರುತನ್ನೂ ಹುಡುಕಿ ತೆಗೆದ್ರೆ ಹೋಯ್ತದೆ. ಹೆಸರು ಮಾತ್ರ ಬದಲಾಯಿಸಿದ್ರೆ..." ಅವನು ನಿಲ್ಲಿಸಿ ಮೌಸಿನ ಮೇಲಿದ್ದ ಕೈ ತೆಗೆದ.

ಗೋಡೆಯ ಮೇಲಿನ ಫೋಟೊ ಇಳಿಸಿ ಬೇರೆಯವರದ್ದು ಏರಿಸಿದ್ದರು. ಮೊಳೆ ಹಳೆಯದೇ ಉಳಿದಿತ್ತು. ಆ ಮೊಳೆಯ ಮೇಲೆ ಓಬಳಪ್ಪ ಎಂದು ಕೆತ್ತಿದ್ದು ಯಾರಿಗೂ ಹೊಳೆದಿರಲಿಲ್ಲ. ಯಾಕೆಂದರೆ ಸಂಪುಟ ಕೈಗೆ ಬಂದರೆ ಜನ ಮೊದಲು ತಮ್ಮ ಫೋಟೊ ಹುಡುಕುತ್ತಾರೆ, ಆಮೇಲೆ ಪಕ್ಕದ ಮನೆಯವರ ಫೋಟೊ ತಮ್ಮದಕ್ಕಿಂತ ದೊಡ್ಡದೋ ಎಂದು ನೋಡುತ್ತಾರೆ. ಸೂಚಿಯವರೆಗೆ ಹೋಗುವವರಿಲ್ಲ.

"ಬದಲಾಯಿಸಿದ್ದು ನೀವೇ," ಎಂದಳು ಪ್ರಜ್ಞಾ.

"ಕೈ ನಂದು, ಬುದ್ಧಿ ನಂದಲ್ಲ. ತಿದ್ದಿದ ಪ್ರೂಫಲ್ಲಿ ಇತ್ತು. ಅಧ್ಯಾಯದ ಮೊದಲನೇ ಪುಟದಲ್ಲಿ ಓಬಳಪ್ಪ ಅನ್ನೋದನ್ನ ಕೆಂಪು ಇಂಕಲ್ಲಿ ಹೊಡೆದು, ಮೇಲೆ ಪರಮೇಶ್ವರಯ್ಯ ಅಂತ ಬರೆದು, ಪಕ್ಕದಲ್ಲಿ 'ಅಧ್ಯಾಯ ಪೂರ್ತಿ ಹೀಗೆ' ಅಂತ ಇತ್ತು. ಒಂದು ಸಲಕ್ಕೇ ಎಲ್ಲಾ ಬದಲಾಯಿಸಿದೆ."

"ಆ ಪ್ರೂಫ್ ಕೊಡಿ."

"ಎದುರಿನ ಬೋಂಡದ ಅಂಗಡಿಗೆ ಹೋಯ್ತು. ಎಣ್ಣೆ ಹೀರೋಕೆ ನಮ್ಮ ಪ್ರೂಫ್ ಹಾಳೆ ಬಾಳ ಚೆನ್ನಾಗಿರ್ತವೆ ಮೇಡಂ."

"ಯಾರು ತಂದ್ಕೊಟ್ಟಿದ್ದು?"

"ಯಾರು ತರೋದೇನು. ಅಜ್ಜಂಪುರದ ಬಂಡಲ್ಲು ಬಸ್ಸಲ್ಲಿ ಬತ್ತದೆ, ಬಸ್ಸಲ್ಲಿ ಹೋಯ್ತದೆ. ಯೋಗಾನಂದ ಸಾರ್ ಕಳಿಸಿದ್ದು. ಆಮೇಲೆ ಅವ್ರು ಕಣ್ಣಿನ ಆಪರೇಷನ್ನಿಗೆ ಶಿವಮೊಗ್ಗಕ್ಕೆ ಹೋದ್ರು. ಕೊನೇ ಪ್ರೂಫ್ ನೋಡ್ಲಿಲ್ಲ."

"ನಿಮಗೇನೂ ಅನ್ನಿಸ್ಲಿಲ್ವಾ? ಆ ಪರಮೇಶ್ವರಯ್ಯನವರು ಸಗಣಿ ಬಾಚಿದ್ರು ಅಂತ ಬದಲಾಯಿಸುವಾಗ?"

"ಅನ್ನಿಸ್ತು." ಸಿದ್ದಲಿಂಗೇಶ್ ಮುಖ ಒರೆಸಿಕೊಂಡ. "ಅಧ್ಯಕ್ಷರ ಅಪ್ಪ. ಅನ್ನಿಸಿದ್ದನ್ನ ಅಲ್ಲೇ ನುಂಗಿದೆ. ನಾಳೆ ಬೆಳಿಗ್ಗೆ ಮಿಷಿನ್ನಿಗೆ ಏರಿಸ್ಬೇಕು ಮೇಡಂ, ಭಾನುವಾರ ಬಿಡುಗಡೆ. ಏನಾದ್ರೂ ಆಗೋದಿದ್ರೆ ಇವತ್ತೇ ಆಗ್ಬೇಕು. ಅಧ್ಯಕ್ಷರು ಒಂದು ಮಾತು ಹೇಳಿದ್ರೆ ನಾನು ನಿಮಿಷದಲ್ಲಿ ವಾಪಸ್ ಹಾಕ್ತೀನಿ."

ಪ್ರಜ್ಞಾ ಆ ಅಧ್ಯಾಯವನ್ನೂ ಸೂಚಿಯನ್ನೂ ಸುತ್ತಿ ಬ್ಯಾಗಿಗೆ ಹಾಕಿಕೊಂಡಳು. ನುಂಗಿದ್ದನ್ನು ಕಕ್ಕಿಸುವ ಕಲೆ ಅವಳಿಗೆ ಗೊತ್ತಿತ್ತು. ಆದರೆ ಒಂದು ಊರಿಗೆ ಊರೇ ನುಂಗಿಕೊಂಡು ಬಾಯಿ ಒರೆಸಿಕೊಂಡಿದ್ದರೆ ಎಲ್ಲಿಂದ ಶುರು ಮಾಡುವುದು ಎಂದು ಸಿಟ್ಟಿನಲ್ಲೇ ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ದ್ಯಾವಮ್ಮ ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಕಾದಿದ್ದಳು. ಪಕ್ಕದಲ್ಲಿ ಅವಳ ಮಗ ಧನಪಾಲ್, ಟೀ ಕುಡಿದ ಲೋಟ ಕೈಯಲ್ಲಿ ತಿರುಗಿಸುತ್ತ ನಿಂತಿದ್ದ. ಖಾಸಗಿ ಬಸ್ಸಿನ ಕಂಡಕ್ಟರ್. ತಾಯಿಯನ್ನು ಒಬ್ಬಳೇ ಕಳಿಸಲಾಗದೆ ಇವತ್ತು ರಜೆ ಹಾಕಿ ಬಂದಿದ್ದ. ಪ್ರೆಸ್ಸಿಗೆ ಬನ್ನಿ ಎಂದರೆ ಬಂದಿರಲಿಲ್ಲ. ಒಳಗೆ ಸೆಕೆ ಎಂದಿದ್ದ.

ಪ್ರಜ್ಞಾ ನಡೆದದ್ದನ್ನು ಹೇಳಿದಳು. ದ್ಯಾವಮ್ಮನಿಗೆ ಕಾಣದ ಗುರುತಿನ ವಿಷಯ ಬೇಗ ಅರ್ಥವಾಯಿತು.

"ಅಂದ್ರೆ ಅವ್ರು ಅಲ್ಲೇ ಅವ್ರೆ. ಮ್ಯಾಲೆ ಬೇರೆಯೋರ್ನ ಕೂರಿಸವ್ರೆ."

"ಹೌದವ್ವ."

"ಬಿಟ್ಬಿಡಿ ಮೇಡಂ," ಎಂದ ಧನಪಾಲ್. "ದೊಡ್ಡೋರ ಸಹವಾಸ. ಒಂದು ಹೆಸರು ಇದ್ರೆಷ್ಟು, ಹೋದ್ರೆಷ್ಟು. ಅವ್ವಂಗೆ ವಯಸ್ಸಾಯ್ತು, ನಾಳೆ ನಾನು ಇದೇ ರೋಡಲ್ಲಿ ಬಸ್ಸಲ್ಲಿ ತಿರುಗಬೇಕು."

"ಲೇ, ನಿಮ್ಮಪ್ಪನ ಹೆಸರು ಕಣೋ," ಎಂದಳು ತಾಯಿ. ಧನಪಾಲ್ ಲೋಟ ವಾಪಸು ಕೊಡಲು ಹೋದ.

ಪ್ರಜ್ಞಾಗೆ ಅವನ ಮೇಲೆ ಬೇಸರ ಬರಲಿಲ್ಲ, ಅವನನ್ನು ಹೀಗೆ ಬಗ್ಗಿಸಿಟ್ಟವರ ಮೇಲೆ ಸಿಟ್ಟು ಬಂತು. ತಂದೆಯ ಹೆಸರು ಕೇಳಲೂ ಹೆದರುವಂತೆ ಒಬ್ಬ ನಲವತ್ತರ ಗಂಡಸನ್ನು ಮಾಡಿಟ್ಟಿದ್ದಾರಲ್ಲ ಎಂದು ಅಧ್ಯಕ್ಷರನ್ನು ಕಾಣಲು ಅವರಿಬ್ಬರ ಜೊತೆ ಕಡೂರಿನ ಬಸ್ಸು ಹತ್ತುವಾಗಲೂ ಒಳಗೊಳಗೇ ಗೊಣಗಿದಳು. ಬೀರೂರು ದಾಟುವ ಹೊತ್ತಿಗೆ ಹೇಳಬೇಕಾದ ಮಾತೆಲ್ಲ ಹರಿತವಾಗಿ ಸಿದ್ಧವಾಗಿತ್ತು.

ಕಡೂರಿನಲ್ಲಿ ಮಲ್ಲಿಕಾರ್ಜುನಯ್ಯನವರ ಮಂಡಿಯಲ್ಲಿ ತೆಂಗಿನಕಾಯಿಯ ಗುಡ್ಡೆ ಸೂರು ಮುಟ್ಟಿತ್ತು. ಹಮಾಲರು ಕಾಯಿ ಆರಿಸಿ ಚೀಲಕ್ಕೆ ಹಾಕುತ್ತಿದ್ದರು. ಅಧ್ಯಕ್ಷರು ಗಾದಿಯ ಮೇಲೆ ಹಣೆ ತುಂಬ ವಿಭೂತಿ ಇಟ್ಟುಕೊಂಡು, ಎರಡು ಫೋನುಗಳ ನಡುವೆ ಕೂತಿದ್ದರು. ಮನುಷ್ಯ ಒರಟನಲ್ಲ. ಬಂದವರನ್ನು ಕೂರಿಸಿ, ಟೀ ತರಿಸಿದರು.

ಟೀ ಬಂತು. ಒಂದು ಗಾಜಿನ ಲೋಟ, ಮೂರು ಪೇಪರ್ ಕಪ್ಪು.

ಪ್ರಜ್ಞಾ ಲೋಟವನ್ನೂ ಕಪ್ಪನ್ನೂ ನೋಡಿದ್ದನ್ನು ಅವರು ನೋಡಿದರು. "ಕೊರೋನಾ ಬಂದ್ಮೇಲೆ ಹೀಗೇ ಮಾಡ್ಬಿಟ್ವಿ ಕಣಮ್ಮಾ. ಶುಚಿ."

"ಕೊರೋನಾಗೆ ನಿಮ್ಮ ಲೋಟ ಮಾತ್ರ ಗೊತ್ತಾಗಲ್ಲ ಅನ್ನಿ," ಎಂದು ಪ್ರಜ್ಞಾ ಕಪ್ಪನ್ನು ಮುಟ್ಟದೆ ಪುಟಗಳನ್ನು ಗಾದಿಯ ಮೇಲಿಟ್ಟಳು. "ಈ ಅಧ್ಯಾಯ ಓದಿದೀರಾ ಯಜಮಾನ್ರೇ?"

"ಓದ್ದೆ ಇರ್ತೀನಾ. ಮೊದಲ್ನೇ ಮಾತು ನಂದೇ ಇರೋದು ಪುಸ್ತಕದಲ್ಲಿ."

"ನಿಮ್ಮ ತಂದೆಯೋರು ರಾಗಿ ಎತ್ತಿದ್ದು ನಿಮಗೆ ಮೊದಲೇ ಗೊತ್ತಿತ್ತಾ?"

ಮಲ್ಲಿಕಾರ್ಜುನಯ್ಯ ಟೀ ಗುಟುಕರಿಸಿದರು. "ಗೊತ್ತಿರ್ಲಿಲ್ಲ. ಓದಿದ್ಮೇಲೆ ಗೊತ್ತಾಯ್ತು."

"ಆಶ್ಚರ್ಯ ಆಗ್ಲಿಲ್ವಾ?"

"ಆಯ್ತು. ಸಂತೋಷಾನೂ ಆಯ್ತು. ಮನೇಲಿ ಹೇಳ್ಕೊಂಡಿರ್ಲಿಲ್ಲವೇನೋ ಅಂದ್ಕೊಂಡೆ. ದೊಡ್ಡ ಮನುಷ್ಯರು, ಮಾಡಿದ್ದನ್ನ ಹೇಳ್ಕೊಳಲ್ಲ."

"ಹುಡುಗರಿಗೆ ದಿನಾ ಮುದ್ದೆ ತಿರುವಿದ್ರು ಅಂತಿದೆ. ನಿಮ್ಮ ತಂದೆ ಮುದ್ದೆ ತಿರುವಿದ್ದು ನೀವು ಒಂದಿನಾನಾದ್ರೂ ಕಂಡಿದ್ರಾ?"

ಕಾಯಿ ಗುಡ್ಡೆಯ ಹಿಂದೆ ಯಾರಿಗೋ ನಗು ಬಂತು. ಅದು ಅರ್ಧದಲ್ಲಿ ಕೆಮ್ಮಾಯಿತು.

"ಏನಮ್ಮಾ ನಿನ್ನ ಮಾತಿನ ಅರ್ಥ?"

"ಅರ್ಥ ಇಷ್ಟೇ. ಈ ಅಜ್ಜಿಯ ಗಂಡ ಬೆನ್ನ ಮೇಲೆ ಹೊತ್ತಿದ್ದನ್ನ ತಗೊಂಡು ನಿಮ್ಮ ಅಪ್ಪನ ಕೊರಳಿಗೆ ಹಾರ ಮಾಡಿ ಹಾಕಿದ್ದಾರೆ. ನೀವು ಓದಿ ಸಂತೋಷಪಟ್ರಿ. ನಮ್ಮಪ್ಪ ಆ ಕೊಟ್ಟಿಗೇಲಿ ಓದಿದೋರು ಯಜಮಾನ್ರೇ. ಸಾಯೋ ತನಕ ಊಟಕ್ಕೆ ಕೂತಾಗ ಮೊದಲ್ನೇ ತುತ್ತು ಓಬಳಪ್ಪಣ್ಣಂಗೆ ಅಂತಿದ್ರು. ನಿಮ್ಮ ಮನೆ ಹೆಸರು ಒಂದು ಸಲಾನೂ ಹೇಳ್ಲಿಲ್ಲ."

ಮಲ್ಲಿಕಾರ್ಜುನಯ್ಯನವರ ಕಿವಿ ಕೆಂಪಾಯಿತು. ಅವರು ಏನೋ ಹೇಳುವ ಮೊದಲು ದ್ಯಾವಮ್ಮ ಮಾತಾಡಿದಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚುವಂತಿತ್ತು.

"ನಿಮ್ಮಪ್ಪಾರು ಕೆಟ್ಟೋರಲ್ಲ ಸಾವ್ಕಾರ್ರೇ. ವರ್ಷ ವರ್ಷ ರಾಗಿ ಕೊಡೋರು. ಇಲ್ಲ ಅನ್ನಾಕಿಲ್ಲ. ಜಗಲಿ ಮ್ಯಾಲೆ ನಿಂತ್ಕಂಡು ಸುರಿಯೋರು. ಇವ್ರು ಕೆಳಗೆ ಚೀಲ ಹಿಡ್ಕಂಡು ನಿಂತ್ಕಳೋರು. ದೂಳೆಲ್ಲ ಇವ್ರ ತಲೆ ಮ್ಯಾಲೆ. ಮನೆಗೆ ಬಂದ್ರೆ ಮುದುಕನಂಗೆ ಕಾಣೋರು. ನಾನು ನೀರು ಹುಯ್ದು ತಲೆ ತೊಳೀತಿದ್ದೆ. ಅದೂ ಬರ್ದಿದ್ರು ಆ ಮೇಷ್ಟ್ರು. ಈಗ ಅದ್ನೂ ನಿಮ್ಮಪ್ಪಾರ ತಲೆ ಅಂತ ಮಾಡವ್ರೆ. ನಾನು ನಿಮ್ಮಪ್ಪಾರ ತಲೆ ಯಾವತ್ತು ತೊಳೆದೆ, ನೀವೇ ಹೇಳಿ."

ಹಮಾಲರ ಕೈ ನಿಂತಿತು.

"ನಾನು ಬದಲಾಯಿಸಿದೆ ಅಂತೀರಾ?" ಅಧ್ಯಕ್ಷರು ಎದ್ದು ನಿಂತರು. "ಈ ವಯಸ್ಸಲ್ಲಿ ನಾನು ಅಟೆಂಡರ್ ಒಬ್ಬನ ಪುಣ್ಯ ಕದ್ದು ಅಪ್ಪಂಗೆ ಕಟ್ಟಬೇಕಾ? ಅಪ್ಪನ ಹೆಸರಿಗೆ ಛತ್ರ ಇದೆ, ಅರವಟಿಗೆ ಇದೆ, ಮಠದಲ್ಲಿ ದಾಸೋಹಕ್ಕೆ ಕೊಟ್ಟಿದ್ದು ಇದೆ."

"ಹಾಗಾದ್ರೆ ನೀವೇ ನೋಡಿ." ಪ್ರಜ್ಞಾ ಸೂಚಿಯನ್ನು ಮುಂದಿಟ್ಟು, ಹೆಸರು ಹೋದರೂ ಕಾಣದ ಗುರುತು ಹೇಗೆ ಉಳಿಯಿತು ಎಂದು ಹೇಳಿದಳು.

ಅವರು ಕನ್ನಡಕ ಹಾಕಿಕೊಂಡು ಕೂತರು. ಕಾಯಿ ತಟ್ಟಿ ನೋಡುವವರ ಹಾಗೆ ಒಂದೊಂದೇ ಪುಟವನ್ನು ಸೂಚಿಯೊಂದಿಗೆ ಹೋಲಿಸಿದರು. ಮೊದಲನೆಯದಕ್ಕೆ ಹುಬ್ಬು ಗಂಟಿಕ್ಕಿತು. ಕಡೆಯದಕ್ಕೆ ಬರುವಾಗ ಕನ್ನಡಕ ತೆಗೆದು ಕೆಳಗಿಟ್ಟರು. ಓದಿ ಸಂತೋಷಪಟ್ಟ ಆ ದಿನ ನೆನಪಾಗಿರಬೇಕು, ಮುಖ ಸಣ್ಣಗಾಗಿತ್ತು. ಆ ಸಣ್ಣತನಕ್ಕೆ ಅವರಿಗೆ ಇನ್ನಷ್ಟು ಸಿಟ್ಟು ಬಂತು.

"ನಮ್ಮಪ್ಪನ ಮನೆಗೆ ಕದ್ದ ಮಾಲು ಇಳಿಸಿದ್ದಾರೆ. ನನ್ನ ಕೈಯಲ್ಲೇ ಭಾನುವಾರ ಬಿಡುಗಡೆ ಮಾಡ್ಸೋರು. ಮುಂದೆ ಯಾವನಾದ್ರೂ ಕಂಡುಹಿಡಿದ್ರೆ ಉಗಿಸಿಕೊಳ್ಳೋನು ನಾನು." ಫೋನು ಎತ್ತಿಕೊಂಡು ಯೋಗಾನಂದರ ನಂಬರು ಒತ್ತಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದರು.

"ಮೇಷ್ಟ್ರೇ, ಓಬಳಪ್ಪನ ಹೆಸರು ಹೊಡೆದು ನಮ್ಮಪ್ಪನ ಹೆಸರು ಯಾಕ್ರೀ ಹಾಕಿದ್ರಿ?"

"ಏನಂದ್ರಿ?" ಆ ಕಡೆಯ ಧ್ವನಿ ಆಸ್ಪತ್ರೆಯ ಹಾಸಿಗೆಯಿಂದ ಎದ್ದು ಕೂತ ಹಾಗಿತ್ತು. ಮಲ್ಲಿಕಾರ್ಜುನಯ್ಯ ಇನ್ನೊಮ್ಮೆ ಹೇಳಿದರು.

"ಸ್ವಾಮಿ, ಆ ಅಧ್ಯಾಯ ಬರೆಯೋಕೆ ನಾನು ಒಂದು ವರ್ಷ ತಿರುಗಿದ್ದೀನಿ. ಹೆಸರು ಹೊಡೀತೀನಾ? ಅದರಲ್ಲಿ ನಾನು ತಿದ್ದಿದ್ದೇ ಒಂದೆರಡು ಕಡೆ."

"ಯಾವ ಇಂಕಲ್ಲಿ ಸಾರ್?" ಪ್ರಜ್ಞಾ ಫೋನಿನ ಹತ್ತಿರ ಬಾಗಿದಳು.

"ಇಂಕೆಲ್ಲಿ ಬಂತಮ್ಮಾ, ಪೆನ್ಸಿಲ್ಲು. ಮಕ್ಕಳ ಉತ್ತರಪತ್ರಿಕೆಗೆ ಕೆಂಪು ಬಳಸಿ ಬಳಸಿ ಸಾಕಾಗಿ, ರಿಟೈರಾದ್ಮೇಲೆ ನಾನು ಕೆಂಪು ಪೆನ್ನು ಮುಟ್ಟಿಲ್ಲ. ಪೆನ್ಸಿಲ್ಲಲ್ಲಿ ತಿದ್ದಿ, ಹುರಿ ಕಟ್ಟಿ, ಬೆಳಗಿನ ಬಸ್ಸಿಗೆ ಕೊಟ್ಟು ಆಸ್ಪತ್ರೆಗೆ ಬಂದೆ. ಯಾರು ಹಾಳು ಮಾಡಿದ್ದು ಅದನ್ನ? ಈ ಪಟ್ಟಿ ಬಿಚ್ಚಲಿ, ನಾನೇ ಬತ್ತೀನಿ."

ಅಜ್ಜಂಪುರದಲ್ಲಿ ಕಟ್ಟುವಾಗ ಕೆಂಪು ಇರಲಿಲ್ಲ. ತರೀಕೆರೆಯಲ್ಲಿ ಬಿಚ್ಚುವಾಗ ಇತ್ತು. ನಡುವೆ ಇದ್ದದ್ದು ರಸ್ತೆ.

"ಬೆಳಗಿನ ಬಸ್ಸಾ?" ದ್ಯಾವಮ್ಮನ ಮುಖ ಅರಳಿತು. ಬೆಳಗಿನಿಂದ ಮೊದಲ ಸಲ ತನ್ನಿಂದಲೂ ಒಂದು ಸಹಾಯವಾಗುತ್ತಿದೆಯೆಂಬ ಹಿಗ್ಗು. "ಅದು ನಮ್ಮ ಧನಪಾಲಂದೇ ಕಣವ್ವ. ಮೇಷ್ಟ್ರ ಬಂಡಲ್ಲು ಯಾವಾಗ್ಲೂ ಇವನೇ ತಗಂಡೋಗಾದು. ಲೇ, ನೆಪ್ಪು ಮಾಡ್ಕಳೋ, ದಾರೀಲಿ ಅದನ್ನ ಯಾರಾದ್ರೂ ಮುಟ್ಟಿದ್ರಾ?"

ಪ್ರಜ್ಞಾ ತಿರುಗಿ ನೋಡಿದಳು.

ಧನಪಾಲ್ ಕಾಯಿ ಗುಡ್ಡೆಗೆ ಒರಗಿ ನಿಂತಿದ್ದ. ಪ್ರೆಸ್ಸಿನೊಳಗೆ ಕಾಲಿಡದ ಗಂಡಸು, ಬಿಟ್ಬಿಡಿ ಮೇಡಂ ಎಂದ ಗಂಡಸು. ಅವನಿಗೆ ದೊಡ್ಡವರ ಭಯ ಎಂದುಕೊಂಡು ಇಡೀ ದಾರಿ ತಾನು ದೊಡ್ಡವರನ್ನು ಬೈದದ್ದು ಪ್ರಜ್ಞಾಗೆ ನೆನಪಾಗಿ, ತನ್ನ ಮೇಲೇ ಕೆಟ್ಟ ಸಿಟ್ಟು ಬಂತು. ಹಿತ್ತಿಲಿಂದ ಶುರು ಮಾಡುವವಳು ಈ ಸಲ ಪಕ್ಕದ ಸೀಟು ನೋಡಿರಲಿಲ್ಲ.

"ಧನಪಾಲ್," ಎಂದಳು ಮೆಲ್ಲಗೆ, "ಅವ್ವ ಕೇಳ್ತಿದ್ದಾರೆ."

"ಮುಟ್ಟಿದ್ರು," ಎಂದ ಅವನು.

"ನೀನೇನೋ?" ಮಲ್ಲಿಕಾರ್ಜುನಯ್ಯ ಗಾದಿಯಿಂದ ಇಳಿದರು. "ಹೆತ್ತಪ್ಪನ ಹೆಸರು ತೆಗೆದು ನಮ್ಮಪ್ಪನ ಹೆಸರು ಹಾಕಿದ್ಯಾ? ಯಾಕೋ? ನನ್ನ ಹತ್ರ ಏನು ಗಿಟ್ಟುತ್ತೆ ಅಂತ?"

"ನಾನು ಹೊಡೀಲಿಲ್ಲ. ಹೊಡಿಯೋದು ನೋಡ್ಕಂಡು ನಿಂತಿದ್ದೆ. ಬಂಡಲ್ಲು ಅದೇ ಹುರೀಲಿ ಮತ್ತೆ ಕಟ್ಟಿದ್ದು ನಾನು." ಧನಪಾಲ್ ನೆಲ ನೋಡುತ್ತ ಹೇಳಿದ. "ನಿಮ್ಮಪ್ಪಾರ ಹೆಸರು ಯಾಕೆ ಅಂತ ನಾನೂ ಕೇಳ್ದೆ. ಇಲ್ಲಿ ಸುಮ್ನೆ ಖಾಲಿ ಬಿಟ್ರೆ ಯಾರು ಅಂತ ಕೇಳ್ತಾರೆ. ಅಧ್ಯಕ್ಷರ ಅಪ್ಪನ ಹೆಸರು ಹಾಕಿದ್ರೆ ಯಾರೂ ಏನೂ ಕೇಳಲ್ಲ ಕಣೋ ಅಂದ್ರು. ಯಾರೂ ಕೇಳ್ಲಿಲ್ಲ."

ಸ್ಪೀಕರಿನಲ್ಲಿ ಯೋಗಾನಂದರು ಹಲೋ ಹಲೋ ಎನ್ನುತ್ತಲೇ ಇದ್ದರು.

ದ್ಯಾವಮ್ಮ ಎದ್ದು ಹೋಗಿ ಮಗನ ಅಂಗಿಯ ತೋಳು ಹಿಡಿದಳು. ಹೊಡೆಯುತ್ತಾಳೆ ಎಂದುಕೊಂಡ ಪ್ರಜ್ಞಾ ಒಂದು ಹೆಜ್ಜೆ ಮುಂದಿಟ್ಟಳು. ಮುದುಕಿ ಹೊಡೆಯಲಿಲ್ಲ.

"ಯಾರು ಲೇ ಅವ್ನು? ಅವ್ರ ಹೆಸರಿಗೆ ಗೀಟು ಎಳೆಯಾಕೆ ಯಾವನಿಗೆ ಕೈ ಬಂತು? ನೀನು ನಿಂತ್ಕಂಡು ನೋಡ್ದೆ ಅಂತೀಯಲ್ಲ, ನಿನ್ನ ಬಾಯಾಗೆ ಮಣ್ಣಿತ್ತಾ? ಹೇಳು. ನಾನು ಅವನ ಮನೆ ಬಾಗ್ಲಾಗೆ ಹೋಗಿ ಕೂತ್ಕಂತೀನಿ."

"ಬೇಡ ಅವ್ವ. ಮನೆಗೆ ಹೋಗಾಣ."

"ಹೇಳ್ತೀಯೋ ಇಲ್ವೋ."

ಧನಪಾಲ್ ತಾಯಿಯ ಬರಿಗೈ ನೋಡಿದ. ಬಳೆಯಿಲ್ಲದ ಆ ಮಣಿಕಟ್ಟು ಅವನ ತೋಳನ್ನು ಬಿಡುವ ಹಾಗೆ ಕಾಣಲಿಲ್ಲ.

"ಅಪ್ಪ," ಎಂದ.

"ಅಪ್ಪನ ಹೆಸರು ಅಂತ ಗೊತ್ತು ಕಣೋ. ಹೊಡೆದೋರು ಯಾರು ಅಂದ್ರೆ?"

"ಹೊಡೆದಿದ್ದೇ ಅಪ್ಪ."

ದ್ಯಾವಮ್ಮ ತೋಳು ಬಿಟ್ಟಳು. ಆಮೇಲೆ ಮತ್ತೆ ಹಿಡಿದಳು, ಈ ಸಲ ಬೀಳದಿರಲು.

"ಅವತ್ತು ಬಸ್ಸು ಹತ್ತಿದ್ರು ಅವ್ವ. ಗಡ್ಡ ಬಿಟ್ಟವ್ರೆ, ಬೆಳ್ಳಗಾಗೈತೆ. ನಾನೇ ಗುರುತು ಹಿಡಿದೆ, ಅವ್ರು ಹಿಡೀಲಿಲ್ಲ. ಅಪ್ಪಾ ಅಂದೆ. ಸುಮ್ನಿರು ಅಂದ್ರು. ನಿಮ್ ಬಗ್ಗೆ ಪುಸ್ತಕದಾಗೆ ಬರ್ದವ್ರೆ, ನೋಡಿ, ಇನ್ನಾದ್ರೂ ಮನೆಗೆ ಬನ್ನಿ ಅಂತ ನಾನೇ ಬಂಡಲ್ಲು ಬಿಚ್ಚಿ ತೊಡೆ ಮ್ಯಾಲಿಟ್ಟೆ. ಓದಿದ್ರು. ಅತ್ರು. ಆಮ್ಯಾಲೆ ಜೇಬಿಂದ ಪೆನ್ನು ತೆಗೆದ್ರು. ಈ ಹೆಸರು ಅಚ್ಚಾದ್ರೆ ನನ್ನ ಹುಡುಕ್ಕಂಡು ಬತ್ತಾರೆ ಕಣೋ, ಇಷ್ಟು ದಿನ ಬಚ್ಚಿಟ್ಟಿದ್ದೆಲ್ಲ ಹೋಯ್ತದೆ ಅಂದ್ರು. ಅವ್ವಂಗೂ ಹೇಳ್ಬೇಡ ಅಂತ ನನ್ನ ತಲೆ ಮ್ಯಾಲೆ ಕೈ ಇಟ್ಟು ಆಣೆ ಹಾಕ್ಸಿಕೊಂಡ್ರು."

ಯಾರು ಹುಡುಕಿಕೊಂಡು ಬರುತ್ತಾರೆ, ಬಚ್ಚಿಟ್ಟದ್ದು ಏನು ಎಂದು ಕೇಳಬೇಕಾದ ಪ್ರಶ್ನೆಗಳು ಪ್ರಜ್ಞಾಳ ನಾಲಿಗೆಯ ತುದಿಯಲ್ಲಿದ್ದವು. ಆದರೆ ಮೊದಲ ಪ್ರಶ್ನೆ ಅವಳದ್ದಾಗಿರಲಿಲ್ಲ. ಇಪ್ಪತ್ತು ವರ್ಷ ಬರಿಗೈಯಲ್ಲಿದ್ದ ಹೆಂಗಸು ಏನು ಕೇಳುತ್ತಾಳೋ ಅದನ್ನೇ ದ್ಯಾವಮ್ಮ ಕೇಳಿದಳು.

"ಮೈಗೆ ಹುಷಾರಾಗಿದ್ರಾ?"

"ಇದ್ರು."

"ಒಬ್ರೇ ಇದ್ರಾ?"

ಧನಪಾಲ್ ತಲೆ ತಗ್ಗಿಸಿದ. ಕಂಡಕ್ಟರನಾದವನಿಗೆ ಮರೆಯಲಾಗದ ಲೆಕ್ಕ ಅದೊಂದೇ.

"ತರೀಕೆರೆಗೆ ಎಲ್ಡು ಟಿಕೀಟು ಕೊಡಪ್ಪ ಅಂದ್ರು."